ಮಾಲ್ದೀವ್ಸ್‌ನ ಅಲೆಗೆ ಹೊರಡುವ ಮುಂಚೆ

(ಮಂಗಳೂರಿನ ಹತ್ತಿರದ ಸಸಿಹಿತ್ಲಿನಲ್ಲಿ ಸರ್ಫಿಂಗ್ ಕಲಿಯುತ್ತಿರುವವರ ಮುಂದೆ ಆಡಿದ ಮಾತಿನ ಬರಹ ರೂಪ)

ಇಲ್ಲಿ ಕೂತವರಲ್ಲಿ ಎಂಟು ಹತ್ತು ಜನ ಮೇ ಕೊನೆಗೆ ಮಾಲ್ದೀವ್ಸ್‌ಗೆ ಹೊರಟಿದ್ದೀರಿ. ಟಿಕೆಟ್ ಆಗಿದೆ, ಬೋರ್ಡಿಗೆ ಚೀಲ ಹೊಲಿಸಿಯೂ ಆಗಿದೆ ಅಂತ ಕೇಳಿದೆ. ಹಾಗಾಗಿ ಬೋರ್ಡಿನ ಬಗ್ಗೆ, ಕಾಲು ಎಲ್ಲಿಡಬೇಕು ಅನ್ನುವ ಬಗ್ಗೆ ನಾನು ಮಾತಾಡುವುದಿಲ್ಲ. ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ನೋಡುತ್ತೀರಲ್ಲ, ಅಲೆಯ ಮುನ್ಸೂಚನೆ, ಅದನ್ನು ಓದುವುದು ಹೇಗೆ ಅನ್ನುವುದಷ್ಟೇ ಇವತ್ತಿನ ವಿಷಯ.

ಹಲಗೆಯ ಮೇಲೆ ಒಂದು ಸಾಲು ಬರೆದಿದ್ದೇನೆ. 4 ಅಡಿ, 16 ಸೆಕೆಂಡ್, ದಕ್ಷಿಣ-ಆಗ್ನೇಯ. ಗಾಳಿ ಪಶ್ಚಿಮದಿಂದ, 10 ನಾಟ್ (ಗಂಟೆಗೆ ಸುಮಾರು 18 ಕಿಲೋಮೀಟರ್). ಇದರಲ್ಲಿ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು? ಹೌದು, 4 ಅಡಿಗೆ. ಎಲ್ಲರದ್ದೂ ಅಲ್ಲಿಗೇ ಹೋಗುತ್ತದೆ. ನಾಲ್ಕಡಿ ತಾನೇ, ಇಲ್ಲಿ ಅಳಿವೆ ಬಾಗಿಲಲ್ಲಿ ಇದಕ್ಕಿಂತ ದೊಡ್ಡದನ್ನೇ ಹತ್ತಿದ್ದೇವೆ ಅಂತ ಮನಸ್ಸು ಹೇಳುತ್ತದೆ. ನನ್ನ ಮನಸ್ಸೂ ಒಮ್ಮೆ ಹಾಗೇ ಹೇಳಿತ್ತು. ಅದರ ಗುರುತು ಇಲ್ಲಿ ಮೊಣಕೈ ಹತ್ತಿರ ಇನ್ನೂ ಇದೆ. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ನೆಲದ ವಿಷಯ. ನಮ್ಮದು ಮರಳಿನ ತೀರ. ಕಡಲಿನೊಳಗೆ ಹತ್ತಾರು ಕಿಲೋಮೀಟರ್ ದೂರದವರೆಗೂ ನೆಲ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ದೂರದಿಂದ ಬಂದ ಅಲೆಗೆ ಅಷ್ಟುದ್ದವೂ ತಳ ತಾಗುತ್ತಲೇ ಇರುತ್ತದೆ. ಚಪ್ಪಲಿ ಎಳೆದುಕೊಂಡು ನಡೆದ ಹಾಗೆ. ದಡಕ್ಕೆ ಬರುವಷ್ಟರಲ್ಲಿ ಅದರ ಅರ್ಧ ಕಸುವು ಹೋಗಿರುತ್ತದೆ. ಮಾಲ್ದೀವ್ಸ್‌ನಲ್ಲಿ ಹಾಗಲ್ಲ. ಅದು ಹವಳದಿಂದ ಆದ ಸುಮಾರು 1200 ದ್ವೀಪಗಳ ಸಾಲು. ಹೊರಗಡೆ ಆಳದ ಕಡಲು, ಅದರೊಳಗಿಂದ ಗೋಡೆ ಎದ್ದ ಹಾಗೆ ಹವಳದ ದಿಬ್ಬ. ಅದಕ್ಕೇ ರೀಫ್ ಅನ್ನುವುದು. ಅಲೆ ಆಳದಲ್ಲಿ ಯಾವ ತಡೆಯೂ ಇಲ್ಲದೆ ಬರುತ್ತದೆ, ಬಂದು ಒಮ್ಮೆಲೇ ಗೋಡೆಗೆ ಎಡವುತ್ತದೆ. ಓಡುತ್ತಿರುವವನ ಕಾಲಿಗೆ ಹೊಸ್ತಿಲು ತಾಗಿದರೆ ಏನಾಗುತ್ತೆ? ಕಾಲು ಅಲ್ಲೇ ನಿಲ್ಲುತ್ತೆ, ತಲೆ ಮುಂದೆ ಹೋಗುತ್ತೆ. ರೀಫಿನ ಅಲೆ ಕೊಳವೆಯ ಹಾಗೆ ಸುರುಳಿ ಸುತ್ತುವುದಕ್ಕೆ ಕಾರಣ ಇಷ್ಟೇ.

ಅಲೆ ಯಾವಾಗ ಒಡೆಯುತ್ತದೆ ಅನ್ನುವುದಕ್ಕೆ ಒಂದು ಅಂದಾಜಿನ ಲೆಕ್ಕ ಇದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಒಡೆಯುತ್ತದೆ. ಅಂದರೆ ಆರಡಿ ಅಲೆ ಸುಮಾರು ಎಂಟಡಿ ನೀರಿನಲ್ಲಿ ಒಡೆಯುತ್ತದೆ. ಎಂಟಡಿ ಬೇಕಾದಷ್ಟಾಯಿತು ಅನಿಸುತ್ತದೆ ಅಲ್ವಾ? ಆದರೆ ಅಲೆ ಮುಂದೆ ಹೋಗುತ್ತಾ ಇರುತ್ತದೆ, ದಿಬ್ಬ ಮೇಲೆ ಬರುತ್ತಾ ಇರುತ್ತದೆ. ನೀವು ಬೀಳುವ ಹೊತ್ತಿಗೆ ಕೆಳಗೆ ಸೊಂಟದ ಮಟ್ಟದ ನೀರೂ ಇಲ್ಲದೆ ಇರಬಹುದು. ಇಲ್ಲಿ ಬಿದ್ದರೆ ಕಿವಿ ತುಂಬ ಮರಳು. ಅಲ್ಲಿ ಬಿದ್ದರೆ ತೆಂಗಿನಕಾಯಿ ತುರಿಯುವ ಮಣೆ ಮೇಲೆ ಬಿದ್ದ ಹಾಗೆ.

ರೀಫಿನಲ್ಲಿ ಒಂದು ಅನುಕೂಲವೂ ಇದೆ. ನಮ್ಮ ಶಾಂಭವಿ, ನಂದಿನಿ ನದಿಗಳು ಸೇರುವ ಅಳಿವೆಯಲ್ಲಿ ಪ್ರತಿ ಮಳೆಗಾಲ ಮುಗಿದ ಮೇಲೆ ಮರಳಿನ ದಿಬ್ಬ ಜಾಗ ಬದಲಿಸುತ್ತದೆ. ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ನಡೆಯುವುದಿಲ್ಲ. ಹವಳದ ದಿಬ್ಬ ಹಾಗೆಲ್ಲ ಓಡಾಡುವುದಿಲ್ಲ. ಇಂಥ ಸ್ವೆಲ್ (ದೂರದಿಂದ ಬರುವ ಅಲೆ), ಇಂಥ ಗಾಳಿ, ಇಂಥ ನೀರಿನ ಮಟ್ಟ ಇದ್ದಾಗ ಅಲೆ ಹೇಗೆ ಒಡೆಯಿತೋ, ಮುಂದಿನ ಸಲ ಅದೇ ಮೂರು ಕೂಡಿದಾಗ ಹೆಚ್ಚುಕಡಿಮೆ ಹಾಗೇ ಒಡೆಯುತ್ತದೆ. ಅದಕ್ಕೇ ಒಂದು ಸಣ್ಣ ನೋಟ್ ಪುಸ್ತಕ ಇಟ್ಟುಕೊಳ್ಳಿ. ಬೆಳಿಗ್ಗೆ ಮೊಬೈಲ್ ಏನು ಹೇಳಿತು, ಮಧ್ಯಾಹ್ನ ಕಣ್ಣಿಗೆ ಏನು ಕಂಡಿತು, ಎರಡನ್ನೂ ಬರೆಯಿರಿ. ಎರಡನೇ ಸಲ ಹೋದಾಗ ಯಾವ ಆ್ಯಪಿಗಿಂತಲೂ ಆ ಪುಸ್ತಕವೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಸರಿ, ಈ ಅಲೆ ಬರುವುದು ಎಲ್ಲಿಂದ? ಮಾಲ್ದೀವ್ಸ್‌ನ ಗಾಳಿಯಿಂದ ಅಲ್ಲ. ಅಲ್ಲಿ ಗಾಳಿಯೇ ಇಲ್ಲದ ದಿನವೂ ತಲೆ ಮೇಲೆ ಹೋಗುವ ಅಲೆ ಬರುತ್ತದೆ. ಅದು ಹುಟ್ಟುವುದು ತೀರಾ ದಕ್ಷಿಣದಲ್ಲಿ, ಆಫ್ರಿಕಾದ ತುದಿಗೂ ಆಸ್ಟ್ರೇಲಿಯಾಕ್ಕೂ ಕೆಳಗೆ. 40 ಡಿಗ್ರಿ ದಕ್ಷಿಣ ಅಕ್ಷಾಂಶ ದಾಟಿದ ಮೇಲೆ ಬಿರುಗಾಳಿಗೆ ಅಡ್ಡ ಬರುವ ನೆಲ ಹೆಚ್ಚೇನೂ ಇಲ್ಲ. ಒಂದರ ಹಿಂದೆ ಒಂದು ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತಾ ಇರುತ್ತದೆ. ನಮಗೆ ಸೆಖೆಗಾಲ ಮುಗಿದು ಮಳೆಗಾಲ ಬರುವಾಗ ಅಲ್ಲಿ ಚಳಿಗಾಲ, ಆಗ ಅವುಗಳ ಜೋರೂ ಜಾಸ್ತಿ. ಅಲ್ಲಿನ ಗಾಳಿ ಕಡಲನ್ನು ಕಲಕಿ ಬಿಟ್ಟದ್ದು ದೂರ ಸಾಗುತ್ತಾ ಸಾಗುತ್ತಾ ಹಸನಾಗಿ, ಸಾಲು ಸಾಲಾಗಿ ಮೇಲೆ ಬರುತ್ತದೆ. ಹಾಗೆ ಹುಟ್ಟಿದ ಜಾಗ ಬಿಟ್ಟು ಬಂದ ಅಲೆಗೆ ಸ್ವೆಲ್ ಅನ್ನುತ್ತಾರೆ.

ಆರು ಸಾವಿರ ಕಿಲೋಮೀಟರ್ ಪ್ರಯಾಣ ಅಂತ ಇಟ್ಟುಕೊಳ್ಳಿ. 16 ಸೆಕೆಂಡಿನ ಸ್ವೆಲ್ ಗುಂಪಾಗಿ ಸಾಗುವ ವೇಗ ಗಂಟೆಗೆ ಸುಮಾರು 45 ಕಿಲೋಮೀಟರ್. ದಿನಕ್ಕೆ ಸಾವಿರ ಚಿಲ್ಲರೆ. ಅಂದರೆ ಐದಾರು ದಿನದ ದಾರಿ. ನೀವು ಇವತ್ತು ಹತ್ತಿದ ಅಲೆ ಕಳೆದ ವಾರದ ಬಿರುಗಾಳಿಯದ್ದು.

ಇದರಿಂದ ಒಂದು ಉಪಯೋಗ ಇದೆ. ಬೆಂಗಳೂರಿನಿಂದ ರಾತ್ರಿ ಹತ್ತಕ್ಕೆ ಬಸ್ಸು ಹೊರಟಿದೆ ಅಂತ ಗೊತ್ತಾದರೆ, ಮಂಗಳೂರಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹೇಳಬಹುದು, ಶಿರಾಡಿ ಘಾಟಿಯಲ್ಲಿ ಏನೂ ಆಗದಿದ್ದರೆ. ಕಡಲಿನಲ್ಲಿ ಶಿರಾಡಿ ಘಾಟಿ ಇಲ್ಲ. ಹಾಗಾಗಿ ಐದಾರು ದಿನದ ಸ್ವೆಲ್ ಮುನ್ಸೂಚನೆಯನ್ನು ಸುಮಾರಾಗಿ ನಂಬಬಹುದು. ಬಸ್ಸು ಆಗಲೇ ದಾರಿಯಲ್ಲಿದೆ. ಗಾಳಿಯ ಮುನ್ಸೂಚನೆ ಹಾಗಲ್ಲ. ಅದು ಬಸ್ಸಿಳಿದ ಮೇಲೆ ಸ್ಟ್ಯಾಂಡಿನಲ್ಲಿ ಆಟೋ ಸಿಗುತ್ತದೋ ಇಲ್ಲವೋ ಅನ್ನುವ ಹಾಗೆ. ಎರಡು ಮೂರು ದಿನಕ್ಕಿಂತ ಆಚೆಯದ್ದನ್ನು ನಾನು ಓದುತ್ತೇನೆ, ಆದರೆ ಅದನ್ನು ನಂಬಿ ದೋಣಿ ಗೊತ್ತು ಮಾಡುವುದಿಲ್ಲ. ಇನ್ನು ಹತ್ತು ಹದಿನೈದು ದಿನದ ಮುನ್ಸೂಚನೆ ಅಂತ ಆ್ಯಪಿನವರು ತೋರಿಸುತ್ತಾರಲ್ಲ, ಅದರಲ್ಲಿ ಬಸ್ಸು ಇನ್ನೂ ಡಿಪೋದಲ್ಲೇ ಇದೆ. ಕೆಲವು ಸಲ ಡ್ರೈವರ್ರೇ ಬಂದಿರುವುದಿಲ್ಲ.

ನಿಜವಾಗಿ ನಡೆದದ್ದು ಒಂದು ಹೇಳುತ್ತೇನೆ. 2007ರ ಮೇ ತಿಂಗಳು. ದಕ್ಷಿಣ ಆಫ್ರಿಕಾದ ಕೆಳಗೆ ಒಂದು ದೊಡ್ಡ ಬಿರುಗಾಳಿ ಎದ್ದಿತು. ಅದರ ಸ್ವೆಲ್ ಮೇ 12ರಂದು ರೀಯೂನಿಯನ್ ದ್ವೀಪಕ್ಕೆ ಬಡಿಯಿತು. ರೀಯೂನಿಯನ್ನಿನಿಂದ ಮಾಲ್ದೀವ್ಸ್‌ಗೆ ಮೂರು ಸಾವಿರ ಚಿಲ್ಲರೆ ಕಿಲೋಮೀಟರ್. ಈಗ ನಾನು ಹೇಳಿದ ಲೆಕ್ಕ ಹಾಕಿ ನೋಡಿ. ಮೂರು ದಿನ. ಮೇ 15ರಿಂದ ಮಾಲ್ದೀವ್ಸ್‌ನ ಹಲವು ದ್ವೀಪಗಳಲ್ಲಿ ಮನೆಯೊಳಗೆ ನೀರು ನುಗ್ಗಿತು. ಅಲ್ಲಿ ಆಗ ಚಂಡಮಾರುತ ಇರಲಿಲ್ಲ, ಭೂಕಂಪ ಆಗಿರಲಿಲ್ಲ. ಬರೀ ಅಲೆ.

ಈಗ ಸೆಕೆಂಡಿಗೆ ಬರೋಣ. ಇವತ್ತು ನಾನು ಹೇಳುವುದರಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಎತ್ತರಕ್ಕಿಂತ ಮುಂಚೆ ಸೆಕೆಂಡ್ ನೋಡಿ.

ಒಂದು ಅಲೆಯ ನೆತ್ತಿ ಹೋಗಿ ಮುಂದಿನ ಅಲೆಯ ನೆತ್ತಿ ಬರುವುದಕ್ಕೆ ಹಿಡಿಯುವ ಹೊತ್ತು ಅದು. ಹತ್ತಿರದ ಗಾಳಿ ಎಬ್ಬಿಸಿದ ಅಲೆ ಐದು, ಆರು, ಎಂಟು ಸೆಕೆಂಡಿನದ್ದು. ದೂರದ ಬಿರುಗಾಳಿಯದ್ದು 14, 16, 18, ಒಮ್ಮೊಮ್ಮೆ 20. ಎಂಟು ಸೆಕೆಂಡಿನ ಅಲೆ ಆಳದ ನೀರಿನಲ್ಲಿ ಒಂದು ನೆತ್ತಿಯಿಂದ ಇನ್ನೊಂದಕ್ಕೆ ಸುಮಾರು 100 ಮೀಟರ್ ಉದ್ದ. 16 ಸೆಕೆಂಡಿನದ್ದು? ಇನ್ನೂರು ಅಂತ ಹೇಳಬೇಡಿ. 400 ಮೀಟರ್. ಸೆಕೆಂಡ್ ಎರಡು ಪಟ್ಟಾದರೆ ಉದ್ದ ನಾಲ್ಕು ಪಟ್ಟು. ಉದ್ದದ ಅರ್ಧದಷ್ಟು ಆಳದವರೆಗೂ ಅಲೆ ನೀರನ್ನು ಅಲ್ಲಾಡಿಸುತ್ತದೆ. ಅಂದರೆ ಎಂಟು ಸೆಕೆಂಡಿನದ್ದು 50 ಮೀಟರ್ ಆಳಕ್ಕೆ, 16 ಸೆಕೆಂಡಿನದ್ದು 200 ಮೀಟರ್ ಆಳಕ್ಕೆ. ಮೇಲೆ ನೋಡಿದರೆ ಎರಡೂ ನಾಲ್ಕಡಿ. ಒಂದು ಮೇಲೆ ಹೊದ್ದ ಚಾದರ ಅಲ್ಲಾಡಿದ ಹಾಗೆ, ಇನ್ನೊಂದು ಮಂಚವೇ ಅಲ್ಲಾಡಿದ ಹಾಗೆ. ಆ ಉದ್ದದ ಅಲೆ ರೀಫಿಗೆ ಬಂದಾಗ ಅಷ್ಟೂ ಕಸುವು ಮೇಲಕ್ಕೆ ಎದ್ದು ನಿಲ್ಲುತ್ತದೆ. ಮೊಬೈಲಿನಲ್ಲಿ 4 ಅಡಿ, 16 ಸೆಕೆಂಡ್ ಅಂತಿದ್ದದ್ದು ರೀಫಿನ ಮೇಲೆ ಆರು ಏಳು ಅಡಿಯ ಗೋಡೆ ಆಗಬಹುದು. ಅದೇ 4 ಅಡಿ, 8 ಸೆಕೆಂಡ್ ಇದ್ದರೆ ಗಜಿಬಿಜಿ ನೀರು, ಅಷ್ಟೇ.

ಎತ್ತರ ಅನ್ನುವ ಆ 4 ಅಡಿಯೂ ಸುಮ್ನೆ ಅಲ್ಲ. ಅದು ಎಲ್ಲ ಅಲೆಗಳ ಸರಾಸರಿಯೂ ಅಲ್ಲ, ಅತಿ ದೊಡ್ಡ ಅಲೆಯ ಎತ್ತರವೂ ಅಲ್ಲ. ಕ್ಲಾಸಿನಲ್ಲಿ 30 ಮಕ್ಕಳಿದ್ದರೆ, ಮಾರ್ಕ್ಸ್ ಪ್ರಕಾರ ಸಾಲಾಗಿ ನಿಲ್ಲಿಸಿ, ಮೊದಲ ಹತ್ತು ಮಕ್ಕಳ ಸರಾಸರಿ ತೆಗೆದ ಹಾಗೆ. ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿ. ಅಂದಮೇಲೆ ಫಸ್ಟ್ ರ್‍ಯಾಂಕ್ ಬಂದವನ ಮಾರ್ಕ್ಸ್ ಅದಕ್ಕಿಂತ ಜಾಸ್ತಿ ಇರಲೇಬೇಕಲ್ಲ? ಕೆಲವು ಗಂಟೆ ಕಾದರೆ ಹೇಳಿದ ಎತ್ತರದ ಹತ್ತಿರ ಹತ್ತಿರ ಎರಡು ಪಟ್ಟಿನ ಒಂದು ಅಲೆ ಬಂದೇ ಬರುತ್ತದೆ. ಅದು ಬಂದಾಗ 'ಮುನ್ಸೂಚನೆ ತಪ್ಪಿತು' ಅನ್ನಬೇಡಿ. ತಪ್ಪಿಲ್ಲ. ಇಲ್ಲಿ ನಾಡದೋಣಿ ಇಳಿಸುವ ಹಿರಿಯರನ್ನು ಕೇಳಿ. ಅವರು ದೋಣಿ ಹಿಡಿದುಕೊಂಡು ತೆರೆ ಎಣಿಸುತ್ತಾ ನಿಲ್ಲುವುದು ಯಾಕೆ ಅಂತ. ದೊಡ್ಡವು ಮೂರು ನಾಲ್ಕು ಒಟ್ಟಿಗೆ ಬಂದು ಹೋಗಲಿ ಅಂತ. ಉದ್ದ ಸೆಕೆಂಡಿನ ಸ್ವೆಲ್‌ನಲ್ಲಿ ಆ ಗುಂಪುಗಳ ನಡುವೆ ಹತ್ತು ಹದಿನೈದು ನಿಮಿಷ ಏನೂ ಇರುವುದಿಲ್ಲ. ಕಡಲು ಕೆರೆಯ ಹಾಗೆ ಕಾಣುತ್ತದೆ. ಹೊಸಬರು ನೀರಿಗೆ ಇಳಿಯುವುದು ಸರಿಯಾಗಿ ಆಗಲೇ.

ಮೂರನೆಯದು ದಿಕ್ಕು. ಸ್ವೆಲ್‌ಗೂ ಗಾಳಿಗೂ ಎಲ್ಲಿಂದ ಬರುತ್ತದೆ ಅನ್ನುವ ದಿಕ್ಕನ್ನು ಬರೆಯುತ್ತಾರೆ, ಎಲ್ಲಿಗೆ ಹೋಗುತ್ತದೆ ಅನ್ನುವುದನ್ನಲ್ಲ. ನೀವು ಹೋಗುತ್ತಿರುವುದು ಅಲ್ಲಿನ ರಾಜಧಾನಿ ಮಾಲೆಯ ಉತ್ತರಕ್ಕೆ ತುಲುಸ್ದೂ ದ್ವೀಪಕ್ಕೆ. ಸ್ಪೀಡ್‌ಬೋಟಿನಲ್ಲಿ ಸುಮಾರು ಅರ್ಧ ಗಂಟೆ. ಅಲ್ಲಿನ ರೀಫುಗಳು ದ್ವೀಪಸಾಲಿನ ಪೂರ್ವದ ಅಂಚಿನಲ್ಲಿವೆ. ಕೆಳಗೆ ದಕ್ಷಿಣದಲ್ಲಿ ಬೇರೆ ದ್ವೀಪಸಾಲುಗಳು ಅಡ್ಡ ಕೂತಿವೆ. ನೇರ ದಕ್ಷಿಣದಿಂದ, ಅಥವಾ ನೈಋತ್ಯದಿಂದ ಬಂದ ಸ್ವೆಲ್ ಅವುಗಳ ನೆರಳಿಗೆ ಸಿಕ್ಕಿ, ಮೂಲೆ ತಿರುಗಿ ಬರಬೇಕು. ಬರುವಷ್ಟರಲ್ಲಿ ಸಣ್ಣದಾಗಿರುತ್ತದೆ. ಆಗ್ನೇಯ, ದಕ್ಷಿಣ-ಆಗ್ನೇಯದಿಂದ ಬಂದದ್ದಕ್ಕೆ ಬಾಗಿಲು ಪೂರ್ತಿ ತೆರೆದಿದೆ. ಹಾಗಾಗಿ 6 ಅಡಿ ನೈಋತ್ಯಕ್ಕಿಂತ 4 ಅಡಿ ಆಗ್ನೇಯವೇ ದೊಡ್ಡದಾಗಿ ಕಾಣುವ ದಿನ ಇರುತ್ತದೆ. ಜಗತ್ತಿನ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಿಗೆ ಈ ಸಣ್ಣ ಸಣ್ಣ ದ್ವೀಪಗಳು ಸರಿಯಾಗಿ ಕಾಣುವುದಿಲ್ಲ. ಅವುಗಳ ಜಾಲರಿಯ ಕಣ್ಣು ದೊಡ್ಡದು, ದ್ವೀಪ ನುಸುಳಿ ಹೋಗುತ್ತದೆ. ದಿಕ್ಕಿನ ಕೂಡಿಸಿ ಕಳೆಯುವ ಲೆಕ್ಕ ನೀವೇ ಮಾಡಬೇಕು.

ಆ ರೀಫುಗಳ ಹೆಸರು ಹೇಳಲೇಬೇಕು, ನನಗೆ ಇಷ್ಟವಾದ ವಿಷಯ. ತುಲುಸ್ದೂವಿನಲ್ಲಿ ಕೋಕಾ-ಕೋಲಾ ಕಾರ್ಖಾನೆ ಇದೆ, ಕಡಲ ನೀರಿನ ಉಪ್ಪು ತೆಗೆದು ಅದರಲ್ಲೇ ಕೋಲಾ ಮಾಡುತ್ತಾರೆ. ಹಾಗಾಗಿ ಅಲ್ಲಿನ ಅಲೆಗೆ ಕೋಕ್ಸ್ ಅಂತ ಹೆಸರು. ಎರಡು ದ್ವೀಪಗಳ ನಡುವೆ ಆಳ ನೀರಿನ ಕಾಲುವೆ ಇದೆ, ಅದರ ಆಚೆ ಬದಿಯ ದ್ವೀಪದಲ್ಲಿ ಹಿಂದೆ ಕೋಳಿ ಸಾಕುತ್ತಿದ್ದರು, ಆ ಅಲೆಗೆ ಚಿಕನ್ಸ್. ಹಿಮ್ಮಫುಶಿಯಲ್ಲಿ ಜೈಲಿತ್ತು, ಅದು ಜೈಲ್‌ಬ್ರೇಕ್ಸ್. ಇನ್ನೊಂದು ಹಾಂಕೀಸ್. ಅದು ಟೋನಿ ಹಿಂಡ್ ಎಂಬ ಆಸ್ಟ್ರೇಲಿಯಾದವನ ಅಡ್ಡಹೆಸರು. 1973ರಲ್ಲಿ ಅವನಿದ್ದ ಹಾಯಿ ಹಡಗು ಮಾಲ್ದೀವ್ಸ್‌ನ ರೀಫಿಗೆ ಬಡಿದು ಒಡೆಯಿತು. ಯಾವ ದಿಬ್ಬ ಹಡಗು ಒಡೆಯಿತೋ ಅಂಥದ್ದೇ ದಿಬ್ಬಗಳ ಮೇಲೆ ಒಡೆಯುವ ಅಲೆ ನೋಡಿ ಅವನು ಅಲ್ಲೇ ಉಳಿದುಬಿಟ್ಟ. ಮುಸ್ಲಿಮನಾದ, ಹುಸೇನ್ ಅಂತ ಹೆಸರಿಟ್ಟುಕೊಂಡ, ಅಲ್ಲಿಯವಳನ್ನೇ ಮದುವೆಯಾದ. ವರ್ಷಗಟ್ಟಲೆ ಈ ಅಲೆಗಳ ಗುಟ್ಟು ಹೊರಗೆ ಬಿಡಲಿಲ್ಲ. 2008ರಲ್ಲಿ ಪಾಸ್ತಾ ಪಾಯಿಂಟ್ ಅನ್ನುವ ಅಲೆಯಲ್ಲಿ ಸರ್ಫ್ ಮಾಡುವಾಗಲೇ ತೀರಿಕೊಂಡ.

ಕೋಕ್ಸ್ ಬಲಕ್ಕೆ ಒಡೆಯುವ ಅಲೆ. ಬಲ ಅಂದರೆ ಅಲೆ ಮೇಲಿರುವವನ ಬಲ, ದಡದಲ್ಲಿ ನಿಂತು ನೋಡುವವನದ್ದಲ್ಲ. ವೇಗ ಜಾಸ್ತಿ, ನೀರು ಕಡಿಮೆ, ತಪ್ಪಿಗೆ ಮಾಫಿ ಇಲ್ಲ. ಚಿಕನ್ಸ್ ಎಡಕ್ಕೆ, ಉದ್ದ, ಸ್ವಲ್ಪ ಸಾಧು. ನಿಮ್ಮಲ್ಲಿ ಹೆಚ್ಚಿನವರು ಮೊದಲ ದಿನ ಚಿಕನ್ಸ್‌ಗೇ ಹೋಗಿ. ಕೋಕ್ಸ್‌ಗೆ ಹೋಗಿ ಬಂದೆ ಅಂತ ಊರಲ್ಲಿ ಹೇಳಿಕೊಳ್ಳುವುದಕ್ಕೆ ಕಾಲುವೆಯಲ್ಲಿ ದೋಣಿ ಮೇಲೆ ಕೂತು ಫೋಟೋ ತೆಗೆದರೂ ಸಾಕು.

ಗಾಳಿ ವಿಷಯಕ್ಕೆ ಬಂದರೆ ನೀವು ಹೋಗುವ ಕಾಲ ಒಳ್ಳೆಯದು. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ನಮ್ಮ ತೀರಕ್ಕೆ ಅದು ಎದುರಿನಿಂದ ಬಂದು ಬಡಿಯುತ್ತದೆ, ಕಡಲೆಲ್ಲ ಕಲಕಿ ಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ದಕ್ಕೆಯಲ್ಲಿ. ಅದೇ ಗಾಳಿ ತುಲುಸ್ದೂವಿನ ಪೂರ್ವದ ರೀಫಿಗೆ ಹಿಂದಿನಿಂದ, ದ್ವೀಪದ ಕಡೆಯಿಂದ ಕಡಲಿಗೆ ಬೀಸುತ್ತದೆ. ಬರುವ ಅಲೆಯ ಮುಖವನ್ನು ತಡೆದು ನಿಲ್ಲಿಸಿ, ಇಸ್ತ್ರಿ ಹಾಕಿದ ಹಾಗೆ ನಯ ಮಾಡುತ್ತದೆ. ನಮಗೆ ಕೆಟ್ಟ ಗಾಳಿ ಅವರಿಗೆ ಒಳ್ಳೆಯ ಗಾಳಿ. 8ರಿಂದ 12 ನಾಟ್ ಇದ್ದರೆ ಚೆನ್ನ. 20 ದಾಟಿದರೆ ಹಿಂದಿನ ಗಾಳಿಯೂ ಕಷ್ಟವೇ, ಅಲೆ ಇಳಿಯುವ ಹೊತ್ತಿಗೆ ಬೋರ್ಡನ್ನೇ ಎತ್ತಿಬಿಡುತ್ತದೆ, ನೀರಿನ ಹನಿ ಕಣ್ಣಿಗೆ ಹೊಡೆಯುತ್ತದೆ.

ಮಳೆ ಬರುತ್ತದೆ. ಬರಲಿ, ಒದ್ದೆ ಆಗುವುದಕ್ಕೇ ಹೋಗಿದ್ದೀರಿ. ನೋಡಬೇಕಾದ್ದು ಮಳೆಯನ್ನಲ್ಲ, ಅದರ ಮುಂಚೆ ಬರುವ ಗಾಳಿಯ ಹೊಡೆತವನ್ನು. ದಿಗಂತದಲ್ಲಿ ಕಪ್ಪು ಮೋಡದ ಪಟ್ಟಿ, ಒಮ್ಮೆಲೇ ತಣ್ಣನೆ ಗಾಳಿ. ಆಗ ದೋಣಿ ಹತ್ತಿರ ಬನ್ನಿ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ಸಾಮಾನ್ಯವಾಗಿ ಮುಗಿಯುತ್ತದೆ. ಇದು ಮೊಬೈಲಿನಲ್ಲಿ ಗಂಟೆ ಗಂಟೆಗೂ ಸರಿಯಾಗಿ ಬರುವುದಿಲ್ಲ. ಮಾಲೆ ಇರುವುದು ಭೂಮಧ್ಯರೇಖೆಯಿಂದ ನಾಲ್ಕೇ ಡಿಗ್ರಿ ಮೇಲೆ. ಅಷ್ಟು ಹತ್ತಿರದಲ್ಲಿ ಭೂಮಿ ತಿರುಗುವುದರ ಪರಿಣಾಮ ಕಡಿಮೆ, ಗಾಳಿ ಸುತ್ತಿಕೊಂಡು ಚಂಡಮಾರುತ ಆಗುವುದು ಅಪರೂಪ.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ. ಅಲ್ಲಿಯವರು ಮುಂಗಾರಿನ ಕಾಲಕ್ಕೆ ಹುಳಂಗು ಅನ್ನುತ್ತಾರೆ, ಈಶಾನ್ಯದ ಗಾಳಿಯ ಕಾಲಕ್ಕೆ ಇರುವಾಯಿ. ವರ್ಷವನ್ನು 27 ಭಾಗ ಮಾಡಿ ಒಂದೊಂದಕ್ಕೂ ನಕೈ ಅನ್ನುತ್ತಾರೆ, ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಹೆಸರು ಕೇಳಿ. ಅಸ್ಸಿದ, ಬುರುನು, ಕೆತಿ, ರೋನು, ಮಿಯಹೆಲಿಯ, ಅದ. ಏನಾದರೂ ಗೊತ್ತಾಯಿತಾ? ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ, ಮೃಗಶಿರಾ, ಆರಿದ್ರಾ! ನಮ್ಮ ಅಜ್ಜಂದಿರು 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಅಂತ ಲೆಕ್ಕ ಹಾಕಿದ ಅದೇ ಮಳೆ ನಕ್ಷತ್ರಗಳು. ನಮ್ಮ ಪಂಚಾಂಗಕ್ಕೂ ಅವರದ್ದಕ್ಕೂ ಒಂದು ವಾರದೊಳಗಿನ ವ್ಯತ್ಯಾಸ. ನಮ್ಮವರು ಅದರಿಂದ ಬಿತ್ತನೆ ಲೆಕ್ಕ ಹಾಕಿದರು, ಅವರು ಕಡಲು ಯಾವಾಗ ಒರಟು, ಯಾವ ಮೀನು ಯಾವಾಗ ಅಂತ ಲೆಕ್ಕ ಹಾಕಿದರು. ನಿಮ್ಮನ್ನು ಅಲೆಗೆ ಕರೆದುಕೊಂಡು ಹೋಗುವ ದೋಣಿಗೂ ಅಲ್ಲಿ ದೋನಿ ಅಂತಲೇ ಹೆಸರು. ದೋಣಿಯವನ ಹತ್ತಿರ 'ಈಗ ಯಾವ ನಕೈ?' ಅಂತ ಕೇಳಿ ನೋಡಿ. ಮುಖ ಅರಳುತ್ತದೆ, ಆಮೇಲೆ ಆ್ಯಪಿನಲ್ಲಿ ಇಲ್ಲದ್ದನ್ನೂ ಹೇಳುತ್ತಾನೆ.

ಉಬ್ಬರ ಇಳಿತ ಕೊನೆಗೆ ಉಳಿಯಿತು, ಅದೇ ನನ್ನ ಮೊಣಕೈ ಕಥೆ. ಮಾಲ್ದೀವ್ಸ್‌ನಲ್ಲಿ ನೀರು ಏರಿ ಇಳಿಯುವುದು ಹೆಚ್ಚೆಂದರೆ ಸುಮಾರು ಒಂದು ಮೀಟರ್. ಒಂದು ಮೀಟರ್ ತಾನೇ ಅಂತ ನಾನು ಉಬ್ಬರ ಇಳಿತದ ಹೊತ್ತಿನ ಪಟ್ಟಿಯನ್ನು ತೆರೆದೇ ನೋಡಲಿಲ್ಲ. ಹುಣ್ಣಿಮೆಯ ಮಾರನೇ ದಿನ. ಹುಣ್ಣಿಮೆ ಅಮಾವಾಸ್ಯೆಗೆ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ ಅಂತ ನಮ್ಮೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ಬೆಳಿಗ್ಗೆ ನೀರು ತುಂಬಿದ್ದಾಗ ಚೆನ್ನಾಗಿ ನಾಲ್ಕೈದು ಅಲೆ ಸಿಕ್ಕಿತು. ದೋಣಿಯವನು ಕೈ ಬೀಸಿ ಕರೆದ. ನಾನು ಇನ್ನೊಂದು, ಇನ್ನೊಂದು ಅಂತ ಉಳಿದೆ. ರೀಫಿನ ಮೇಲೆ ಮೂರು ಮೀಟರ್ ನೀರಿದ್ದ ಕಡೆ ಒಂದು ಮೀಟರ್ ಹೋದರೆ ಉಳಿಯುವುದು ಎರಡು. ಒಂದೂವರೆ ಇದ್ದ ಕಡೆ ಹೋದರೆ ಉಳಿಯುವುದು ಅರ್ಧ. ನಾನು ಬಿದ್ದದ್ದು ಆ ಅರ್ಧದಲ್ಲಿ. ಕೈ ಅಡ್ಡ ಕೊಟ್ಟೆ, ಅದು ಇನ್ನೊಂದು ತಪ್ಪು. ಬೀಳುವಾಗ ಚಪ್ಪಟೆಯಾಗಿ ಬೀಳಬೇಕು, ಕಾಲು ಕೆಳಗೆ ಚಾಚಬಾರದು, ಎರಡೂ ಕೈ ತಲೆ ಸುತ್ತ ಇರಬೇಕು. ಏಳು ಹೊಲಿಗೆ. ಅದಕ್ಕಿಂತ ಜಾಸ್ತಿ ಕಾಡಿದ್ದು ಒಳಗೆ ಉಳಿದ ಹವಳದ ಚೂರು. ನೀರು 28, 30 ಡಿಗ್ರಿ ಬೆಚ್ಚಗಿರುತ್ತದೆ, ಗಾಯ ಬೇಗ ಕೀವಾಗುತ್ತದೆ. ಚಿಕ್ಕ ಗೀರಾದರೂ ಆಗಲೇ ಸಿಹಿನೀರಿನಲ್ಲಿ ಉಜ್ಜಿ ತೊಳೆದು ಮುಲಾಮು ಹಚ್ಚಿ. ಉರಿಯುತ್ತದೆ. ಉರಿಯಲಿ.

ಹವಳವೂ ಜೀವ ಇರುವ ವಸ್ತು ಅನ್ನುವುದನ್ನು ಮರೆಯಬೇಡಿ. ಅದರ ಮೇಲೆ ನಿಲ್ಲಬೇಡಿ. 1998ರಲ್ಲಿ, ಮತ್ತೆ 2016ರಲ್ಲಿ ನೀರು ಅತಿಯಾಗಿ ಬಿಸಿಯಾಗಿ ಅಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳುಚಿಕೊಂಡಿತು.

ಈಗ ಒಂದು ವಾರದ ಮುನ್ಸೂಚನೆಯನ್ನು ಒಟ್ಟಿಗೆ ಓದೋಣ. ಇದು ನಾನೇ ಕಟ್ಟಿದ್ದು, ನಿಜವಾದ ವಾರದ್ದಲ್ಲ, ಆದರೆ ಮೇ ಕೊನೆಯಲ್ಲಿ ಹೀಗೇ ಇರುತ್ತದೆ.

ಸೋಮವಾರ 3 ಅಡಿ, 11 ಸೆಕೆಂಡ್, ದಕ್ಷಿಣ, ಗಾಳಿ ಪಶ್ಚಿಮ 8. ಹಳೆಯ ಸ್ವೆಲ್‌ನ ಬಾಲ. ಅಲೆ ಸೊಂಟದ ಮಟ್ಟ, ಚಿಕನ್ಸ್‌ನಲ್ಲಿ ಮೈ ಸಡಿಲ ಮಾಡಿಕೊಳ್ಳುವ ದಿನ. ಕಾಲುವೆ ಎಲ್ಲಿದೆ, ನೀರು ಯಾವ ಕಡೆ ಎಳೆಯುತ್ತದೆ ಅಂತ ಅವತ್ತೇ ನೋಡಿಕೊಳ್ಳಿ.

ಮಂಗಳವಾರವೂ ಅದೇ 3 ಅಡಿ, 11 ಸೆಕೆಂಡ್. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ, 1 ಅಡಿ, 20 ಸೆಕೆಂಡ್, ದಕ್ಷಿಣ-ಆಗ್ನೇಯ. ಇಡೀ ವಾರದಲ್ಲಿ ಮುಖ್ಯವಾದದ್ದು ಈ ಸಾಲು. ಒಂದಡಿ ಅಂತ ಯಾರೂ ನೋಡುವುದಿಲ್ಲ. ಉದ್ದ ಸೆಕೆಂಡಿನ ಅಲೆಗೆ ವೇಗ ಜಾಸ್ತಿ. 20 ಸೆಕೆಂಡಿನದ್ದು ಗಂಟೆಗೆ ಸುಮಾರು 56 ಕಿಲೋಮೀಟರ್ ಹೋಗುತ್ತದೆ, ಆರು ಸಾವಿರ ಕಿಲೋಮೀಟರಿನಲ್ಲಿ 16 ಸೆಕೆಂಡಿನದ್ದಕ್ಕಿಂತ ಒಂದು ದಿನ ಮುಂಚೆ ಬರುತ್ತದೆ. ದಿಬ್ಬಣಕ್ಕೆ ಮುಂಚೆ ಬರುವ ವಾಲಗದವರ ಹಾಗೆ. ವಾಲಗ ಕೇಳಿಸಿತು ಅಂದರೆ ಮದುಮಗ ತಿರುವಿನಲ್ಲಿದ್ದಾನೆ ಅಂತ ಲೆಕ್ಕ. ಅವತ್ತು ಮಧ್ಯಾಹ್ನ ಕಡಲು ಸಪ್ಪೆ ಅಂತ ಕೋಕ್ಸ್‌ನ ಒಳಬದಿಯಲ್ಲಿ ಆಡುತ್ತಾ ಇದ್ದವರ ಮೇಲೆ ಒಂದು ದೊಡ್ಡ ಗುಂಪು ಬಂದು ಬೀಳಬಹುದು.

ಬುಧವಾರ 4 ಅಡಿ, 17 ಸೆಕೆಂಡ್, ಗಾಳಿ ಪಶ್ಚಿಮ 10. ನೀರು ಪೂರ್ತಿ ಇಳಿಯುವುದು ಹನ್ನೊಂದಕ್ಕೆ. ಹಾಗಾದರೆ ಒಂಬತ್ತಕ್ಕೆ ಹೊರಗೆ ಬನ್ನಿ, ಊಟ ಮಾಡಿ, ಎರಡಕ್ಕೆ ಮತ್ತೆ ಇಳಿಯಿರಿ. ಗುರುವಾರ 6 ಅಡಿ, 16 ಸೆಕೆಂಡ್. ಇದು ನಿಮ್ಮ ದಿನ ಅಲ್ಲ. ಕ್ಯಾಮೆರಾ ತೆಗೆದುಕೊಂಡು ಹೋಗಿ. ಶುಕ್ರವಾರ 5 ಅಡಿ, 14 ಸೆಕೆಂಡ್, ಗಾಳಿ ವಾಯವ್ಯ 20, ಮಳೆ. ನಿದ್ದೆ ಮಾಡಿ. ಶನಿವಾರ 4 ಅಡಿ, 12 ಸೆಕೆಂಡ್, ಗಾಳಿ ನೈಋತ್ಯ 10. ಬುಧವಾರದ್ದೂ ನಾಲ್ಕಡಿ, ಇದೂ ನಾಲ್ಕಡಿ, ಆದರೆ ಎರಡೂ ಒಂದೇ ಅಲ್ಲ ಅಂತ ಈಗ ನೀವೇ ಹೇಳುತ್ತೀರಿ. ನಾನು ನಿಮ್ಮ ಜಾಗದಲ್ಲಿದ್ದರೆ ಶನಿವಾರಕ್ಕೆ ಕೈಕಾಲು ಉಳಿಸಿಕೊಂಡಿರುತ್ತಿದ್ದೆ.

ಆಗಲೇ ಒಬ್ಬರು ಅಕ್ಕ ಕೇಳಿದರು, ನಮ್ಮ ಮಕ್ಕಳು ಸರ್ಫಿಂಗ್ ಮಾಡುವುದಿಲ್ಲ, ನಮಗೆ ಇದರಿಂದ ಏನು ಅಂತ. ನ್ಯಾಯವಾದ ಪ್ರಶ್ನೆ. ಮಾಲೆಯಿಂದ ಮಂಗಳೂರಿಗೆ ಸುಮಾರು ಸಾವಿರ ಕಿಲೋಮೀಟರ್. ಅಲ್ಲಿ ಇವತ್ತು ಬಂದ ಸ್ವೆಲ್ ಸುಮಾರು ಒಂದು ದಿನ ಬಿಟ್ಟು ನಮ್ಮ ಕಡೆಗೂ ಬರುತ್ತದೆ, ಕಸುವು ಕಳೆದುಕೊಂಡು. ಆದರೆ ಪೂರ್ತಿ ಕಳೆದುಕೊಳ್ಳುವುದಿಲ್ಲ. ಕೇರಳದವರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಗಾಳಿಯಿಲ್ಲ, ಮೋಡವಿಲ್ಲ, ಸದ್ದಿಲ್ಲದೆ ಕಳ್ಳನ ಹಾಗೆ ಮನೆಯಂಗಳಕ್ಕೆ ಬರುವ ಕಡಲು. ಮೀನುಗಾರರ ಆ ಪದವನ್ನೇ 2012ರಲ್ಲಿ ಯುನೆಸ್ಕೊ ಕೂಡ ಒಪ್ಪಿಕೊಂಡಿತು. 2024ರ ಮಾರ್ಚ್ 31ರಂದು ಕೇರಳದ ತೀರದಲ್ಲಿ ಹಾಗೇ ಆಯಿತು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯವರು ಎತ್ತರದ ಅಲೆಯ ಎಚ್ಚರಿಕೆ ಕೊಡುತ್ತಾರೆ, ಪೇಪರಿನಲ್ಲೂ ಬರುತ್ತದೆ. ಮುಂದಿನ ಸಲ ಅದರಲ್ಲಿ ಮೀಟರ್ ಮಾತ್ರ ನೋಡಬೇಡಿ, ಸೆಕೆಂಡ್ ಎಷ್ಟು ಅಂತ ನೋಡಿ. 18 ಅಂತಿದ್ದು ಅವತ್ತು ಹುಣ್ಣಿಮೆಯೂ ಆಗಿದ್ದರೆ, ಬಲೆ, ದೋಣಿ ಸ್ವಲ್ಪ ಮೇಲೆ ಎಳೆದಿಡಿ.

ಇನ್ನೊಂದು ಪ್ರಶ್ನೆ ಬಂತು. ಮೊಬೈಲ್ ಒಂದು ಹೇಳುತ್ತದೆ, ಕಣ್ಣಿಗೆ ಇನ್ನೊಂದು ಕಾಣುತ್ತದೆ, ಯಾವುದನ್ನು ನಂಬುವುದು? ಕಣ್ಣನ್ನು. ಆದರೆ ಎರಡು ನಿಮಿಷ ನೋಡಿದ ಕಣ್ಣನ್ನಲ್ಲ. ದೋಣಿ ಕಾಲುವೆಯಲ್ಲಿ ನಿಲ್ಲಿಸಿ, ಬೋರ್ಡಿಗೆ ಮೇಣ ಹಚ್ಚುತ್ತಾ ಇಪ್ಪತ್ತು ನಿಮಿಷ ಕೂತಿರಿ. ಒಂದು ಗುಂಪು ಬಂದು ಹೋಗಲಿ, ಎಷ್ಟು ಅಲೆ ಅಂತ ಎಣಿಸಿ. ಎರಡನೇ ಗುಂಪೂ ಬರಲಿ. ಯಾವ ಜಾಗದಲ್ಲಿ ನೀರು ಹೀರಿಕೊಂಡು ಹವಳ ಕಂದಾಗಿ ಮೇಲೆ ಕಾಣುತ್ತದೆ ಅಂತ ಗುರುತು ಮಾಡಿಕೊಳ್ಳಿ. ಆಮೇಲೆ ಇಳಿಯಿರಿ.